ವಿಜಯಪುರ ಪರಿಸರದ ಓಲೆಗರಿ, ಕಾಗದಪತ್ರ ಹಾಗೂ ಛಾಯಾಚಿತ್ರಗಳು: ರಕ್ಷಣೆ ಮತ್ತು ವಿವೇಚನೆ

ಜ್ಯೇಷ್ಠ ಶುದ್ಧ ಪಂಚಮಿಯಂದು ಶ್ರುತಪಂಚಮಿಯ ಆಚರಣೆಯಲ್ಲಿ ಶಾಸ್ತ್ರಭಂಡಾರದ ಕಟ್ಟುಗಳನ್ನು ಹೊರತೆಗೆದು, ಧೂಳು ಝಾಡಿಸಿ, ಹೊಸ ವಸ್ತ್ರದಲ್ಲಿ ಸುತ್ತಿಡುವ ಪದ್ಧತಿ ವಿದ್ವಾಂಸರಿಗೆ ತಿಳಿದದ್ದೇ ಆಗಿದೆ. ಪ್ರತಿಯೊಂದು ಗ್ರಂಥವೂ ವರ್ಷಕ್ಕೊಮ್ಮೆಯಾದರೂ ಬಲ್ಲವರ ಕಣ್ಣಿಗೆ ಬೀಳಬೇಕೆಂಬ ಪೂರ್ವಿಕರ ವಿವೇಕ ಇದರಲ್ಲಿ ಅಡಗಿದೆ. ಆದರೆ ಗರಿಗಳನ್ನು ನೇರವಾಗಿ ಬಿಸಿಲಿಗೆ ಹರಡುವ ರೂಢಿಯೂ ಕೆಲವೆಡೆ ಇದರೊಡನೆ ಸೇರಿಕೊಂಡಿದೆ. ಅದು ವಿಜಯಪುರ, ತಿಕೋಟಾ, ಬಬಲೇಶ್ವರಗಳಂಥ ಒಣ ಸೀಮೆಗೆ ಸಲ್ಲದು.

ಮೂಡಬಿದಿರೆಯ ಭಂಡಾರಗಳಿಗೆ ಶತ್ರುವೆಂದರೆ ಕರಾವಳಿಯ ತೇವ. ಬೂಸು ಹಿಡಿಯುವುದು, ಗರಿಗೆ ಗರಿ ಅಂಟುವುದು ಅಲ್ಲಿಯ ತೊಂದರೆ. ಎರೆನೆಲದ ಈ ಬಯಲುಸೀಮೆಯಲ್ಲಿಯಾದರೋ ಬೇಸಗೆಯ ಶುಷ್ಕತೆಯಿಂದ ಗರಿ ತನ್ನ ಸಹಜವಾದ ಬಾಗುವ ಗುಣವನ್ನೇ ಕಳೆದುಕೊಳ್ಳುತ್ತದೆ. ಅಂಥ ಗರಿಯನ್ನು ಬಿಸಿಲಿಗಿಟ್ಟರೆ ದಾರದ ರಂಧ್ರದಿಂದ ಅಂಚಿನವರೆಗೆ ಸೀಳುತ್ತದೆ. ನೆರಳಿನಲ್ಲಿ, ಗಾಳಿಯಾಡುವ ಪಡಸಾಲೆಯಲ್ಲಿ ಕೆಲಹೊತ್ತು ಬಿಚ್ಚಿಟ್ಟರೆ ಸಾಕು. ಮರದ ಹಲಗೆಗಳ ನಡುವೆ ಗರಿಗಳು ಅಲುಗದಂತೆ, ಆದರೆ ಬಿಗಿಯದಂತೆ ಕಟ್ಟುವುದನ್ನು ಕೈ ಅಭ್ಯಾಸದಿಂದಲೇ ಕಲಿಯಬೇಕು.

ಎಣ್ಣೆಯ ವಿಷಯದಲ್ಲಿ ಹೆಚ್ಚಿನ ಎಚ್ಚರ ಅವಶ್ಯ. ಕಂಠದಿಂದ ಕೊರೆದು ಮಸಿ ತುಂಬಿದ ಗರಿಗೆ ಕಾಡಿಗೆ ಬೆರೆಸಿದ ನಿಂಬೆಹುಲ್ಲಿನ ಜಾತಿಯ ಎಣ್ಣೆಯನ್ನು ಹಗುರವಾಗಿ ಸವರಿದರೆ ಅಕ್ಷರ ಸ್ಫುಟವಾಗುತ್ತದೆ, ಗರಿಯೂ ಮೆದುವಾಗುತ್ತದೆ. ಶಾಯಿಯಿಂದ ಬರೆದ ಗರಿಗೆ ಇದೇ ಉಪಚಾರ ಮಾಡಿದರೆ ಬರಹವೇ ಅಳಿಸಿಹೋಗಬಹುದು. ಮೂಡಬಿದಿರೆಯ ಧವಲಾ ಪ್ರತಿಗಳು ಶಾಯಿಯ ಬರಹದವು ಎಂಬುದನ್ನು ನೆನೆದರೆ ಈ ಭೇದದ ಮಹತ್ವ ತಿಳಿದೀತು. ಆದುದರಿಂದ ಗರಿ ಕೊರೆದದ್ದೋ ಬರೆದದ್ದೋ ಎಂಬುದನ್ನು ಭೂತಗನ್ನಡಿಯಿಂದ ನಿಶ್ಚಯಿಸಿಕೊಳ್ಳದೆ ಎಣ್ಣೆಯ ಬಟ್ಟಲನ್ನು ಹತ್ತಿರ ತರಲಾಗದು.

ಈ ಭಾಗದ ಹಳೆಯ ಮನೆಗಳಲ್ಲಿ ಓಲೆಗರಿಗಿಂತ ಕಾಗದಪತ್ರಗಳೇ ಹೆಚ್ಚು: ಇನಾಮು, ವತನ, ಸಾಲ, ಹೊಲದ ಹದ್ದುಗಳಿಗೆ ಸಂಬಂಧಿಸಿದವು. ಇವುಗಳಲ್ಲಿ ಅನೇಕವು ಮೋಡಿ ಲಿಪಿಯಲ್ಲಿವೆ. ಓದಲು ಬಾರದ ಕಾರಣಕ್ಕೆ ರದ್ದಿಗೆ ಸೇರುವ ಮೊದಲ ಕಾಗದಗಳು ಇವೇ. ಹರಿದ ಕಡೆ ಅಂಟುಪಟ್ಟಿ ಹಚ್ಚುವುದು ಮತ್ತೊಂದು ಅನರ್ಥ. ಪಟ್ಟಿ ಉದುರಿದ ಮೇಲೂ ಅದರ ಕಂದು ಕಲೆ ಉಳಿಯುತ್ತದೆ.

ಕಾಲನಿರ್ಣಯದಲ್ಲಿ ಆಗುವ ಪ್ರಮಾದಗಳನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ. ಆದಿಲಶಾಹಿ ಕಾಲದ ಪತ್ರಗಳಲ್ಲಿ ಹಿಜರಿಯಲ್ಲದೆ ಶುಹೂರ ಸನವೂ ಬಳಕೆಯಲ್ಲಿತ್ತು. ಇದನ್ನು ಅಂಕಿಗಳಲ್ಲಿ ಬರೆಯದೆ ಅರಬ್ಬೀ ಸಂಖ್ಯಾಪದಗಳಲ್ಲಿ ಬರೆಯುವುದು ವಾಡಿಕೆ. ‘ಸಿತ್ತೈನ ಅಲಫ’ ಎಂದರೆ 1060. ಇದನ್ನು ಹಿಜರಿಯೆಂದು ಭಾವಿಸಿದರೆ ಕ್ರಿ.ಶ. 1650 ಆಗಿ, ಪತ್ರವು ಮುಹಮ್ಮದ್ ಆದಿಲಶಾಹನ (1627–1656) ಆಳ್ವಿಕೆಗೆ ಸೇರುತ್ತದೆ. ಶುಹೂರವೆಂದರೆ 1659–60 ಆಗಿ, ಎರಡನೆಯ ಅಲಿ ಆದಿಲಶಾಹನ ಕಾಲಕ್ಕೆ ಬರುತ್ತದೆ. ಒಂದು ಶಬ್ದದ ಅಲಕ್ಷ್ಯದಿಂದ ದಾನ ಕೊಟ್ಟ ಅರಸನೇ ಬದಲಾಗುತ್ತಾನೆ.

ನಮ್ಮ ಲಿಪಿಕಾರರ ಪುಷ್ಪಿಕೆಗಳಲ್ಲಿ ಶಕವರ್ಷದೊಡನೆ ಸಂವತ್ಸರವೂ ಇರುವುದರಿಂದ ಪರೀಕ್ಷೆ ಸುಲಭ. ಗತಶಕಕ್ಕೆ 12 ಕೂಡಿಸಿ 60ರಿಂದ ಭಾಗಿಸಿದಾಗ ಉಳಿಯುವ ಶೇಷವೇ ಪ್ರಭವಾದಿಯಾಗಿ ಸಂವತ್ಸರದ ಸಂಖ್ಯೆ. ಶಕ 1785ಕ್ಕೆ ಶೇಷ 57, ಅದು ರುಧಿರೋದ್ಗಾರಿ. ಸಂವತ್ಸರ ಒಂದು ವರ್ಷ ಹಿಂದುಮುಂದಾದರೆ ಗತ–ವರ್ತಮಾನ ಶಕಗಳ ಗೊಂದಲವಿರಬಹುದು. ಅದಕ್ಕಿಂತ ಹೆಚ್ಚು ತಪ್ಪಿದರೆ ಮೂಲಪ್ರತಿಯ ಪುಷ್ಪಿಕೆಯನ್ನೇ ನಕಲುಗಾರನು ಎತ್ತಿ ಬರೆಯುವಾಗ ಅಂಕಿ ಕೆಡಿಸಿದನೇ ಎಂದು ನೋಡಬೇಕು. ಆಂಗ್ಲರ ಕಾಲದ ಪತ್ರಗಳಲ್ಲಿ ಸ್ಥಳನಾಮವೇ ಸಾಕ್ಷಿ. ‘ಜಿಲ್ಲಾ ಕಲಾದಗಿ’ ಎಂಬ ತಲೆಬರಹವಿದ್ದರೆ ಅದು ಸಾಮಾನ್ಯವಾಗಿ 1864ರಲ್ಲಿ ಆ ಜಿಲ್ಲೆ ರಚನೆಯಾದ ಮೇಲಿನದು, 1885ರಲ್ಲಿ ಮುಖ್ಯಸ್ಥಳ ವಿಜಾಪುರಕ್ಕೆ ಬರುವ ಮೊದಲಿನದು. ‘ವಿಜಯಪುರ’ವೆಂಬ ಅಧಿಕೃತ ನಾಮವಂತೂ 2014ರದು. ಸೂಚಿಪತ್ರ ಮಾಡುವವರು ಪತ್ರದಲ್ಲಿದ್ದ ಹೆಸರನ್ನು ತಿದ್ದದೆ ಹಾಗೆಯೇ ಬರೆದು, ಇಂದಿನ ಹೆಸರನ್ನು ಪ್ರತ್ಯೇಕವಾಗಿ ಕೊಡಬೇಕು. ತಿಕೋಟಾ, ಬಬಲೇಶ್ವರಗಳು ತಾಲೂಕುಗಳಾದದ್ದು ತೀರ ಈಚೆಗೆ.

ಛಾಯಾಚಿತ್ರಗಳೂ ಪತ್ರಗಳಂತೆಯೇ ಪ್ರಮಾಣಗಳು. ಬಿಗ್ಸ್ ಮತ್ತು ಲಾಕ್ ಎಂಬ ಸೈನ್ಯಾಧಿಕಾರಿಗಳು ತೆಗೆದ ವಿಜಾಪುರದ ಕಟ್ಟಡಗಳ ಚಿತ್ರಗಳು ಮೆಡೋಸ್ ಟೇಲರ್ ಮತ್ತು ಫರ್ಗ್ಯುಸನ್‌ರ ಬರಹದೊಡನೆ 1866ರಲ್ಲಿ ಗ್ರಂಥವಾದವು. ಬಿಗ್ಸ್ ಈ ಸೀಮೆಯಲ್ಲಿ ಚಿತ್ರ ತೆಗೆದದ್ದಾದರೋ 1855ರ ಸುಮಾರಿಗೆ. ಪ್ರಕಟಣೆಯ ವರ್ಷವನ್ನೇ ಚಿತ್ರದ ವರ್ಷವೆಂದು ಹಿಡಿದರೆ ಹತ್ತು ವರ್ಷ ತಪ್ಪುತ್ತದೆ. ಹೆನ್ರಿ ಕಸಿನ್ಸ್‌ರ 1916ರ ಗ್ರಂಥದ ಚಿತ್ರಗಳೊಡನೆ ಹೋಲಿಸಿದರೆ ನಡುವೆ ಬಿದ್ದುದೇನು, ದುರಸ್ತಿಯಾದುದೇನು ಎಂಬುದನ್ನು ಗುರುತಿಸಬಹುದು.

ಮನೆಗಳಲ್ಲಿ ಗಾಜಿನ ಚೌಕಟ್ಟಿನ ಹಿರಿಯರ ಚಿತ್ರಗಳಿಗೆ ಕುಂಕುಮ ಹಚ್ಚಿ, ಹಬ್ಬಕ್ಕೊಮ್ಮೆ ಒದ್ದೆ ಬಟ್ಟೆಯಿಂದ ಒರಸುವುದುಂಟು. ಭಕ್ತಿಗೆ ದೋಷವಿಲ್ಲ; ಅಂಚಿನಿಂದ ಒಳಗೆ ಇಳಿದ ನೀರು ಚಿತ್ರವನ್ನು ಗಾಜಿಗೆ ಅಂಟಿಸಿಬಿಡುತ್ತದೆ. ಅಂಥದನ್ನು ಕೀಳಲು ಹೋಗದೆ, ಗಾಜಿನ ಸಮೇತ ಮೊದಲು ಪ್ರತಿಚಿತ್ರ ತೆಗೆದುಕೊಳ್ಳಬೇಕು. ಬೆನ್ನಿನ ಮೇಲಿನ ಬರಹವನ್ನೂ ಚಿತ್ರಾಲಯದ ಮುದ್ರೆಯನ್ನೂ ತಪ್ಪದೆ ದಾಖಲಿಸಬೇಕು. ಆದರೆ ಆ ಬರಹ ಚಿತ್ರದಷ್ಟೇ ಹಳೆಯದೆಂದು ನಂಬಲಾಗದು. ಮೊಮ್ಮಕ್ಕಳು ಊಹೆಯಿಂದ ಬರೆದ ಹೆಸರುಗಳೂ ಇರುತ್ತವೆ.

ಈ ನಗರದಲ್ಲಿಯೇ ವಕೀಲಿ ನಡೆಸುತ್ತಿದ್ದ ಫ. ಗು. ಹಳಕಟ್ಟಿಯವರು (1880–1964) ಊರೂರು ಅಲೆದು ವಚನಗಳ ಕಟ್ಟುಗಳನ್ನು ಕೂಡಿಸಿದರು. ಅವರ ‘ವಚನಶಾಸ್ತ್ರಸಾರ’ದ ಮೊದಲ ಭಾಗ 1923ರಲ್ಲಿ ಬೆಳಗಾವಿಯ ಮಹಾವೀರ ಮುದ್ರಣಾಲಯದಲ್ಲಿ ಅಚ್ಚಾಯಿತು; ಮುಂದೆ 1925ರಲ್ಲಿ ಅವರು ಇಲ್ಲಿ ಹಿತಚಿಂತಕ ಮುದ್ರಣಾಲಯವನ್ನೇ ಸ್ಥಾಪಿಸಿದರು. ಗ್ರಂಥ ಅಚ್ಚಾದೊಡನೆ ಗರಿಯ ಕೆಲಸ ಮುಗಿಯಿತೆಂದು ತಿಳಿಯುವವರು ಇಂದಿಗೂ ಇದ್ದಾರೆ. ಗಣಕಯಂತ್ರದ ಪ್ರತಿಚಿತ್ರ ಬಂದ ಮೇಲೆ ಈ ಭಾವನೆ ಹೆಚ್ಚಿದೆ. ಪ್ರತಿಚಿತ್ರದಿಂದ ಪಾಠ ಸಿಕ್ಕೀತು. ಗರಿಯ ಜಾತಿ, ಕಂಠದ ಒತ್ತು, ಎರಡನೆಯ ಕೈಯ ತಿದ್ದುಪಡಿ, ಹಲಗೆಯ ಒಳಮೈಯ ಒಡೆಯನ ಹೆಸರು ಇವೆಲ್ಲ ಸಿಕ್ಕುವುದಿಲ್ಲ. ಕಟ್ಟು ಯಾವ ಊರಿನ ಯಾವ ಬಸದಿಯಿಂದ ಅಥವಾ ಮನೆಯಿಂದ ಯಾವ ದಿನ ಬಂದಿತೆಂಬುದನ್ನು ಸೀಸದಕಡ್ಡಿಯಿಂದ ಬೇರೆ ಚೀಟಿಯಲ್ಲಿ ಬರೆದು ಇಡಬೇಕು. ಹಳೆಯ ವಸ್ತ್ರವನ್ನು ಬದಲಿಸುವಾಗ ಅದರ ಮೇಲೇನಾದರೂ ಬರಹವಿದೆಯೇ ಎಂದು ನೋಡಿದ ಮೇಲೆಯೇ ಅದನ್ನು ತೆಗೆಯಬೇಕು.