ಮಂಡಿಗೆ ಒಳ್ಳೆಯ ಕಾಯಿ, ಬಸುರಿಗೆ ಬೂಷ್ಟು ಕಾಯಿಯೇ?



ಕಳೆದ ಸುಗ್ಗಿಯಲ್ಲಿ ಚಿತ್ರದುರ್ಗ ಜಿಲ್ಲೆಯ ಹಳ್ಳಿಯೊಂದಕ್ಕೆ ಹೋಗಿದ್ದೆ. ಕಣದಲ್ಲಿ ಶೇಂಗಾ ಆರಿಸುತ್ತಿದ್ದರು. ತುಂಬಿದ, ಹಸನಾದ ಕಾಯಿ ಚೀಲಕ್ಕೆ ಹೋಗುತ್ತಿತ್ತು. ಸಿಪ್ಪೆ ಒಡೆದದ್ದು, ಗೆದ್ದಲು ಕೊರೆದದ್ದು, ಕಪ್ಪಾಗಿ ಬೂಷ್ಟು ಹಿಡಿದದ್ದು ಪಕ್ಕದಲ್ಲಿ ಬೇರೆ ಗುಡ್ಡೆಯಾಗಿತ್ತು.

"ಇದು ಯಾತಕ್ಕೆ, ಯಜಮಾನರೇ?" ಎಂದು ಕೇಳಿದೆ.

"ಚೀಲದ್ದು ಮಂಡಿಗೆ, ಇದು ಮನೆ ಖರ್ಚಿಗೆ ಸ್ವಾಮಿ. ಹುರಿದು ಚಟ್ನಿಪುಡಿ ಮಾಡಿದರೆ ಏನೂ ಗೊತ್ತಾಗಲ್ಲ" ಎಂದರು.

ಚೊಚ್ಚಲ ಹೆರಿಗೆಗೆಂದು ಅವರ ಮಗಳು ತವರಿಗೆ ಬಂದಿದ್ದಳು. ಏಳು ತಿಂಗಳು ತುಂಬಿತ್ತು. ಅವಳಿಗೆ ಹಾಲು, ಹಣ್ಣು, ಸೊಪ್ಪು ಯಾವುದಕ್ಕೂ ಆ ಮನೆಯವರು ಕೊರತೆ ಮಾಡಿರಲಿಲ್ಲ. ಆದರೆ ಆ ಗುಡ್ಡೆಯ ಕಾಳೂ ಅವಳ ತಟ್ಟೆಗೇ ಹೋಗುವುದಿತ್ತು. ತಿಳಿದು ಮಾಡುವ ತಪ್ಪಲ್ಲ ಇದು. ಆದ್ದರಿಂದಲೇ ತಿಳಿಸಬೇಕಾಗಿದೆ.

ಕಣ್ಣಿಗೆ ಕಾಣದ ವಿಷ

ಶೇಂಗಾ, ಮೆಕ್ಕೆಜೋಳಗಳ ಮೇಲೆ ಹಳದಿ ಮಿಶ್ರಿತ ಹಸಿರು ಬೂಷ್ಟು ಬೆಳೆಯುವುದನ್ನು ನೀವು ನೋಡಿದ್ದೀರಿ. ಆಸ್ಪರ್ಜಿಲಸ್ ಎಂಬ ಶಿಲೀಂಧ್ರ ಅದು. ಅದು ಬಿಡುವ ವಿಷಕ್ಕೆ ಅಫ್ಲಾಟಾಕ್ಸಿನ್ ಎಂದು ಹೆಸರು. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು. ಅವು ತಿಂದ ಶೇಂಗಾ ಹಿಂಡಿಯಲ್ಲಿ ಈ ವಿಷ ಇದ್ದದ್ದು ಆಮೇಲೆ ಪತ್ತೆಯಾಯಿತು. ನಮ್ಮ ದೇಶದಲ್ಲೇ 1974ರಲ್ಲಿ ರಾಜಸ್ಥಾನದ ಬಾಂಸವಾಡಾ ಮತ್ತು ಗುಜರಾತಿನ ಪಂಚಮಹಲ್ ಜಿಲ್ಲೆಗಳ ಹಳ್ಳಿಗಳಲ್ಲಿ, ಅಕಾಲ ಮಳೆಗೆ ನೆನೆದು ಬೂಷ್ಟು ಹಿಡಿದ ಮೆಕ್ಕೆಜೋಳ ಉಂಡವರಿಗೆ ಕಾಮಾಲೆಯಾಗಿ ನೂರಕ್ಕೂ ಹೆಚ್ಚು ಜನ ತೀರಿಕೊಂಡರು.

ಇದು ಒಮ್ಮೆಲೇ ಹೆಚ್ಚು ವಿಷ ಹೊಟ್ಟೆ ಸೇರಿದಾಗ ಆಗುವ ಅನಾಹುತ. ದಿನವೂ ಸ್ವಲ್ಪ ಸ್ವಲ್ಪ ಸೇರಿದರೆ ಯಾರಿಗೂ ಏನೂ ಆದಂತೆ ಕಾಣುವುದಿಲ್ಲ. ಆದರೆ ಯಕೃತ್ತು ಸೋಲುತ್ತದೆ. ಬಸುರಿಯಾದರೆ ಅದರ ಪಾಲು ಮಗುವಿಗೂ ಹೋಗುತ್ತದೆ.

ಮಗುವಿಗೆ ಹೇಗೆ ತಲುಪುತ್ತದೆ?

ತಾಯಿಯ ರಕ್ತದಿಂದ ಮಗುವಿಗೆ ಆಹಾರ ಒದಗಿಸುವ ಮಾಸು ಈ ವಿಷವನ್ನು ಪೂರ್ತಿಯಾಗಿ ತಡೆಯಲಾರದು. ಹುಟ್ಟಿದ ಮಕ್ಕಳ ಹೊಕ್ಕುಳಬಳ್ಳಿಯ ರಕ್ತದಲ್ಲೇ ಇದು ಕಂಡುಬಂದಿದೆ. ದೇಹ ಕಟ್ಟಲು ಬೇಕಾದ ಪ್ರೋಟೀನು ತಯಾರಾಗುವುದಕ್ಕೆ ಇದು ಅಡ್ಡಿ ಮಾಡುತ್ತದೆ. ಬೆಳೆಯುವ ಜೀವಕ್ಕೆ ಬೇಕಾದದ್ದೇ ಅದು.

ನಮ್ಮಂತೆಯೇ ಶೇಂಗಾ ಬೆಳೆದು, ಶೇಂಗಾ ಉಣ್ಣುವ ದೇಶ ಆಫ್ರಿಕಾದ ಗ್ಯಾಂಬಿಯಾ. ಅಲ್ಲಿನ 138 ಶಿಶುಗಳ ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಬಸುರಿನಲ್ಲಿ ಯಾವ ತಾಯಂದಿರ ರಕ್ತದಲ್ಲಿ ಈ ವಿಷದ ಗುರುತು ಹೆಚ್ಚಿತ್ತೋ, ಅವರ ಮಕ್ಕಳು ಮೊದಲ ವರ್ಷದಲ್ಲಿ ತೂಕದಲ್ಲೂ ಉದ್ದದಲ್ಲೂ ಹಿಂದೆ ಬಿದ್ದರು.

ಎರಡೂವರೆ ಕಿಲೋಗಿಂತ ಕಡಿಮೆ ತೂಕದ ಮಗು ಹುಟ್ಟಲು ರಕ್ತಹೀನತೆ, ಅರೆಹೊಟ್ಟೆ, ಬಿಡುವಿಲ್ಲದ ದುಡಿಮೆ, ಹೀಗೆ ಹಲವು ಕಾರಣಗಳಿವೆ. ಎಲ್ಲದಕ್ಕೂ ಬೂಷ್ಟೇ ಕಾರಣ ಎನ್ನಲಾಗದು. ಆದರೆ ಇದನ್ನು ತಡೆಯುವುದು ಬಹುಮಟ್ಟಿಗೆ ರೈತನ ಕೈಯಲ್ಲೇ ಇದೆ.

ಹೊಲ ಮತ್ತು ಕಣದಲ್ಲಿ

1. ಕಾಯಿ ಬಲಿಯುವ ಕೊನೆಯ ಮೂರು ನಾಲ್ಕು ವಾರ ಮಳೆ ಕೈಕೊಟ್ಟರೆ ಈ ಶಿಲೀಂಧ್ರಕ್ಕೆ ಹಬ್ಬ. ನೀರಿನ ಅನುಕೂಲವಿದ್ದವರು ಆಗ ಒಂದು ನೀರು ಕೊಡಿ.

2. ಹೂ ಬಿಡುವ ಕಾಲಕ್ಕೆ ಎಕರೆಗೆ 200 ಕಿಲೋ ಜಿಪ್ಸಂ ಹಾಕಿ ಮಣ್ಣೇರಿಸಿ. ಸಿಪ್ಪೆ ಗಟ್ಟಿಯಾಗುತ್ತದೆ.

3. ಬಲಿತ ಕೂಡಲೇ ಕೀಳಿ. ಕಿತ್ತ ಗಿಡವನ್ನು ಒಟ್ಟಬೇಡಿ. ಕಾಯಿ ಮೇಲೆ ಬರುವಂತೆ ತಲೆಕೆಳಗಾಗಿ ಇಟ್ಟು ಒಣಗಿಸಿ. ಶೇಂಗಾದ ತೇವಾಂಶ ಶೇ. 8ಕ್ಕಿಂತ, ಮೆಕ್ಕೆಜೋಳದ್ದು ಶೇ. 13ಕ್ಕಿಂತ ಕೆಳಗಿಳಿಯಬೇಕು. ಕಾಯಿ ಅಲ್ಲಾಡಿಸಿದರೆ ಕಾಳು ಗಲಗಲ ಎನ್ನಬೇಕು.

4. ಸುಲಿಯಲು ಸುಲಭವಾಗಲೆಂದು ಕಾಯಿಗೆ ನೀರು ಚಿಮುಕಿಸುವ ರೂಢಿ ಬಿಡಿ. ಆ ತೇವವೇ ಬೂಷ್ಟಿಗೆ ಬೇಕಾದದ್ದು.

5. ಚೀಲಗಳನ್ನು ನೆಲದ ಮೇಲಿಡದೆ, ಗೋಡೆಗೆ ತಾಗಿಸದೆ, ಹಲಗೆಯ ಮೇಲೆ ಜೋಡಿಸಿ.

ಅಡುಗೆಮನೆಯಲ್ಲಿ

ಹುರಿದರೆ, ಬೇಯಿಸಿದರೆ ಬೂಷ್ಟು ಸಾಯುತ್ತದೆ, ವಿಷ ಸಾಯುವುದಿಲ್ಲ. ಹುರಿದಾಗ ಸ್ವಲ್ಪ ಕಡಿಮೆಯಾದರೂ ಪೂರ್ತಿ ಹೋಗದು. ತೊಳೆದು ಒರೆಸಿದರೂ ಅಷ್ಟೇ. ಸುಕ್ಕಿದ, ಬಣ್ಣಗೆಟ್ಟ, ಮುಗ್ಗುಲು ವಾಸನೆಯ, ಕಹಿ ಎನಿಸುವ ಕಾಳನ್ನು ಆರಿಸಿ ತೆಗೆಯುವುದೇ ಮನೆಯವರು ಮಾಡಬಹುದಾದ ದೊಡ್ಡ ಕೆಲಸ. ವಿಷದ ಹೆಚ್ಚಿನ ಪಾಲು ಇರುವುದು ಇಂಥ ಕೆಲವೇ ಕಾಳುಗಳಲ್ಲಿ. ಆದರೆ ನೋಡಲು ಚೆನ್ನಾಗಿರುವ ಕಾಳಿನಲ್ಲೂ ವಿಷ ಇರಬಹುದಾದ್ದರಿಂದ ಒಣಗಿಸುವುದರಲ್ಲಿ ಅಸಡ್ಡೆ ಬೇಡ.

ಆರಿಸಿ ತೆಗೆದದ್ದನ್ನು ಗಾಣಕ್ಕೂ ಕೊಡಬೇಡಿ, ಹಸುವಿಗೂ ಹಾಕಬೇಡಿ. ಗಾಣದ ಸೋಸದ ಎಣ್ಣೆಯಲ್ಲಿ ವಿಷದ ಅಂಶ ಉಳಿಯುತ್ತದೆ. ಹಿಂಡಿಯಲ್ಲಂತೂ ಇನ್ನೂ ಹೆಚ್ಚು. ಆ ಹಿಂಡಿ ತಿಂದ ಹಸುವಿನ ಹಾಲಿಗೂ ಅದು ಇಳಿಯುತ್ತದೆ. ಅಲ್ಲಿಗೆ ಬಸುರಿಗೆಂದು ಕಾಯಿಸಿದ ಹಾಲಿನ ಲೋಟದಲ್ಲಿ ಅದೇ ವಿಷ ಮರಳಿ ಬಂದಂತಾಯಿತು. ಅದನ್ನು ಸುಟ್ಟುಹಾಕಿ, ಇಲ್ಲವೇ ಆಳವಾಗಿ ಹೂಳಿ.

ಇದನ್ನು ಓದಿ ಬಸುರಿಗೆ ಶೇಂಗಾವನ್ನೇ ನಿಲ್ಲಿಸಬೇಡಿ. ಬಡವರಿಗೆ ಎಟಕುವ ಒಳ್ಳೆಯ ಪ್ರೋಟೀನು ಅದರಲ್ಲಿದೆ. ಅವಳಿಗೆ ಬೇಕಾದದ್ದು ಶೇಂಗಾವೇ, ಆದರೆ ಒಳ್ಳೆಯ ಶೇಂಗಾ.

ನಮ್ಮ ದೇಶದ ಆಹಾರ ಸುರಕ್ಷತಾ ನಿಯಮದಂತೆ ಧಾನ್ಯ, ಬೇಳೆಕಾಳುಗಳಲ್ಲಿ ಈ ವಿಷ ಕಿಲೋಗೆ 15 ಮೈಕ್ರೋಗ್ರಾಂ ಮೀರಬಾರದು. ಒಂದು ಗ್ರಾಮನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಮೈಕ್ರೋಗ್ರಾಂ. ಹೊರದೇಶಕ್ಕೆ ಹೋಗುವ ಶೇಂಗಾಕ್ಕೆ ಪರೀಕ್ಷೆ ಉಂಟು. ನಮ್ಮ ಮನೆಯ ಮೊರದಲ್ಲಿ ಉಳಿದದ್ದಕ್ಕೆ ನಮ್ಮ ಕಣ್ಣೇ ಪರೀಕ್ಷೆ.

ಆ ಯಜಮಾನರಿಗೂ ಇಷ್ಟೇ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಕಟ್ಟಿದ್ದ ಒಂದು ಚೀಲದ ಬಾಯಿ ಬಿಚ್ಚಿ, ಮೊರ ತುಂಬ ಕಾಯಿ ಸುರಿದು ಒಳಗೆ ಕಳಿಸಿದರು.

ಈ ಸುಗ್ಗಿಯಲ್ಲಿ ನೀವೂ ಮೊದಲ ಮೊರವನ್ನು ಮನೆಗೆ ಎತ್ತಿಡಿ. ಸಂದೇಹವಿದ್ದರೆ ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ. ವಾಚನಾಲಯದಲ್ಲಿ ಇದನ್ನು ಓದಿದವರು ಮನೆಯ ಹೆಣ್ಣುಮಕ್ಕಳಿಗೂ ಓದಿ ಹೇಳಿ. ಕಾಳು ಆರಿಸುವ ಕೈ ಅವರದು.