ಥೈರಾಯ್ಡ್ ಮಾತ್ರೆಯೂ ಬೆಳಗಿನ ಕಾಫಿಯೂ

ನಲವತ್ತು ದಾಟಿದ ಹೆಂಗಸರಿರುವ ತೋಟದ ಮನೆಗಳಲ್ಲಿ ‘ನನಗೂ ಥೈರಾಯ್ಡ್ ಇದೆಯಂತೆ’ ಎಂಬ ಮಾತು ಈಗ ಮಾಮೂಲು. ಥೈರಾಯ್ಡ್ ಗ್ರಂಥಿ ಎಲ್ಲರ ಕೊರಳಲ್ಲೂ ಇದೆ. ಅದರ ಸ್ರಾವ ಕುಗ್ಗುವುದೇ ಕಾಯಿಲೆ. ಗ್ರಂಥಿ ಸೋಲತೊಡಗಿದಾಗ ಮಿದುಳಿನ ಬುಡದಿಂದ ಟಿ.ಎಸ್.ಎಚ್. ಎಂಬ ಚೋದಕವು ಹೆಚ್ಚು ಹೆಚ್ಚಾಗಿ ಬಂದು ಅದನ್ನು ದುಡಿಸುತ್ತದೆ. ಟಿ.ಎಸ್.ಎಚ್. ಏರಿದ್ದರೂ ಥೈರಾಕ್ಸಿನ್ ಸರಿಯಾದ ಮಟ್ಟದಲ್ಲೇ ಇದ್ದರೆ ಅದು ಅಲ್ಪ ಕೊರತೆ. ಬಹುಮಂದಿಗೆ ಇದರಿಂದ ಯಾವ ತೊಂದರೆಯೂ ತೋರುವುದಿಲ್ಲ.

ಆದರೂ ವೈದ್ಯರು ಇದನ್ನು ಗಮನಿಸುವುದು ರಕ್ತನಾಳಗಳ ಸಲುವಾಗಿ. ರಕ್ತದಲ್ಲಿನ ಕೆಟ್ಟ ಕೊಲೆಸ್ಟರಾಲನ್ನು ಪಿತ್ತಜನಕಾಂಗವು ಹೀರಿ ತೆಗೆಯಲು ಥೈರಾಯ್ಡ್ ಸ್ರಾವದ ನೆರವು ಬೇಕು. ಅದು ಕಡಿಮೆಯಾದರೆ ಕೊಬ್ಬು ರಕ್ತದಲ್ಲೇ ಉಳಿದು, ಬಸಿಗಾಲುವೆಯಲ್ಲಿ ಹೂಳು ನಿಂತಂತೆ, ವರ್ಷಗಳ ಮೇಲೆ ನಾಳದ ಗೋಡೆಯಲ್ಲಿ ಕೂರುತ್ತದೆ. ಗೋಡೆಯೂ ಬಿರುಸಾಗುತ್ತದೆ. ಹಾಲೆಂಡಿನ ರಾಟರ್‌ಡ್ಯಾಮಿನಲ್ಲಿ 1,149 ವಯಸ್ಸಾದ ಮಹಿಳೆಯರನ್ನು ಪರೀಕ್ಷಿಸಿ 2000ದಲ್ಲಿ ಪ್ರಕಟಿಸಿದ ವರದಿಯಲ್ಲಿ, ಅಲ್ಪ ಕೊರತೆಯಿದ್ದವರಲ್ಲಿ ಇಂಥ ಹೂಳೂ ಹೃದಯಾಘಾತವೂ ಹೆಚ್ಚಾಗಿ ಕಂಡವು. ಆದ್ದರಿಂದ ಕೊಲೆಸ್ಟರಾಲ್ ಏರಿದವರು ಥೈರಾಯ್ಡ್ ಪರೀಕ್ಷೆಯನ್ನೂ ಕೇಳಿ ಮಾಡಿಸುವುದು ಒಳ್ಳೆಯದು.

ಹಾಗೆಂದು ಗಾಬರಿ ಬೇಡ. 2010ರಲ್ಲಿ 55,000ಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿದಾಗ ಟಿ.ಎಸ್.ಎಚ್. 10 ಅಥವಾ ಅದಕ್ಕಿಂತ ಮೇಲಿದ್ದವರಲ್ಲಿ ಹೃದ್ರೋಗ ಸ್ಪಷ್ಟವಾಗಿ ಹೆಚ್ಚಿತ್ತು. 7ರೊಳಗೆ ಇದ್ದವರಲ್ಲಿ ಹೆಚ್ಚಿರಲಿಲ್ಲ. 65 ದಾಟಿದ 737 ಮಂದಿಯ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಮಾತ್ರೆಯಿಂದ ಆಯಾಸವೇನೂ ತಗ್ಗಲಿಲ್ಲ. ಮಾತ್ರೆ ಅತಿಯಾದರೆ ಹೃದಯದ ಬಡಿತ ತಾಳ ತಪ್ಪುತ್ತದೆ, ಮೂಳೆ ಸವೆಯುತ್ತದೆ. ಮಣ್ಣಿನ ಪರೀಕ್ಷೆಯಿಲ್ಲದೆ ತೋಟಕ್ಕೆ ಸುಣ್ಣ ಹಾಕದ ನಾವು, ನೆರೆಮನೆಯವರ ಮಾತ್ರೆಯನ್ನು ಕೇಳಿ ನುಂಗುವುದು ವಿಚಿತ್ರವೇ ಸರಿ! ಅಲ್ಪ ಏರಿಕೆಯಾದರೆ ಎರಡು ಮೂರು ತಿಂಗಳು ಬಿಟ್ಟು ಮತ್ತೊಮ್ಮೆ ರಕ್ತ ಪರೀಕ್ಷೆ ಮಾಡಿಸಬೇಕು. ಎಷ್ಟೋ ಸಲ ಅದು ತಾನಾಗಿ ಇಳಿದಿರುತ್ತದೆ. ಗರ್ಭಿಣಿಯರು ಮಾತ್ರ ಕಾಯದೆ ವೈದ್ಯರನ್ನು ಕಾಣತಕ್ಕದ್ದು.

ಇನ್ನು ನಮ್ಮ ಬೆಳೆಯ ವಿಷಯ. ವೈದ್ಯರೇ ಥೈರಾಕ್ಸಿನ್ ಮಾತ್ರೆ ಬರೆದುಕೊಟ್ಟಿದ್ದರೆ ಅದನ್ನು ಬೆಳಗಿನ ಕಾಫಿಯೊಡನೆ ನುಂಗಬಾರದು. ಕಾಫಿಯು ಮಾತ್ರೆ ಕರುಳಿನಲ್ಲಿ ಹೀರಲ್ಪಡುವುದನ್ನು ತಡೆಯುತ್ತದೆ. ಕಾಫಿ ಬೆಳೆಯುವವರೇ ಕಾಫಿಯನ್ನು ದೂರುತ್ತಾರೆಂದು ತಿಳಿಯಬೇಡಿ. ಬೇಕಾದದ್ದು ಒಂದು ಗಂಟೆಯ ಅಂತರ, ಅಷ್ಟೇ. ಕಾಫಿಯೊಡನೆ ನುಂಗಿದರೆ ಟಿ.ಎಸ್.ಎಚ್. ಇಳಿಯದೆ, ವೈದ್ಯರು ಮಾತ್ರೆಯ ಪ್ರಮಾಣವನ್ನು ಏರಿಸುತ್ತ ಹೋಗುವ ಸಂಭವವುಂಟು. ಬರಿಹೊಟ್ಟೆಯಲ್ಲಿ ನೀರಿನೊಡನೆ ಮಾತ್ರೆ ತೆಗೆದುಕೊಂಡು, ಕೊಟ್ಟಿಗೆಯ ಕೆಲಸ ಮುಗಿಸಿ ಬಂದು ಕಾಫಿ ಕುಡಿಯಿರಿ. ಕಬ್ಬಿಣದ ಮತ್ತು ಕ್ಯಾಲ್ಸಿಯಂ ಮಾತ್ರೆಗಳಿಗೆ ನಾಲ್ಕು ಗಂಟೆಯ ಅಂತರವಿರಲಿ.