ದಡಾರ ವಾಸಿಯಾದ ಮೇಲೂ ಉಳಿಯುವ ಅಪಾಯ

ಮಗುವಿನ ಮೈಮೇಲೆ ಕೆಂಪು ಗುಳ್ಳೆಗಳೆದ್ದರೆ ‘ಅಮ್ಮ ಬಂದಿದೆ’ ಎಂದು ಬೇವಿನ ಸೊಪ್ಪಿನ ಮೇಲೆ ಮಲಗಿಸುವ ವಾಡಿಕೆ ನಮ್ಮಲ್ಲಿ ಇನ್ನೂ ಪೂರ್ತಿ ಅಳಿದಿಲ್ಲ. ವಾರ ಕಳೆದು ಗುಳ್ಳೆ ಇಳಿದರೆ ಮನೆಮಂದಿ ನಿರಾಳರಾಗುತ್ತಾರೆ. ಆದರೆ ಬಂದದ್ದು ದಡಾರವಾಗಿದ್ದಲ್ಲಿ ಅಪಾಯ ಅಲ್ಲಿಗೇ ಮುಗಿಯುವುದಿಲ್ಲ ಎಂಬುದನ್ನು ಸಂಶೋಧನೆಗಳು ದೃಢಪಡಿಸಿವೆ.

ದಡಾರ ಒಮ್ಮೆ ಬಂದವರಿಗೆ ಸಾಮಾನ್ಯವಾಗಿ ಮತ್ತೆ ಬಾರದು. 1846ರಲ್ಲಿ ಉತ್ತರ ಅಟ್ಲಾಂಟಿಕ್‌ನ ಫ್ಯಾರೋ ದ್ವೀಪಗಳಲ್ಲಿ ಈ ರೋಗ ಹಬ್ಬಿದಾಗ 6 ಸಾವಿರಕ್ಕೂ ಹೆಚ್ಚು ಮಂದಿ ಹಾಸಿಗೆ ಹಿಡಿದರು. ತನಿಖೆಗೆ ತೆರಳಿದ ಡೆನ್ಮಾರ್ಕಿನ ತರುಣ ವೈದ್ಯ ಪೀಟರ್ ಪಾನಮ್ ಒಂದು ಸಂಗತಿ ಗಮನಿಸಿದರು. 1781ರಲ್ಲಿ ದಡಾರಕ್ಕೆ ತುತ್ತಾಗಿದ್ದ ವೃದ್ಧರಲ್ಲಿ ಯಾರಿಗೂ ಅದು ಮರುಕಳಿಸಲಿಲ್ಲ. 65 ವರ್ಷಗಳ ನಂತರವೂ ದೇಹ ಆ ರೋಗವನ್ನು ಮರೆತಿರಲಿಲ್ಲ!

ವಿಪರ್ಯಾಸವೆಂದರೆ, ತನ್ನ ನೆನಪನ್ನು ಇಷ್ಟು ಗಟ್ಟಿಯಾಗಿ ಉಳಿಸಿಹೋಗುವ ಇದೇ ವೈರಾಣು ಉಳಿದ ರೋಗಗಳ ನೆನಪನ್ನು ಅಳಿಸಿಹಾಕುತ್ತದೆ. ನಾವು ಹಿಂದೆ ಎದುರಿಸಿದ ರೋಗಾಣುಗಳ ಗುರುತು ಹಿಡಿಯುವ ಬಿಳಿ ರಕ್ತಕಣಗಳನ್ನೇ ದಡಾರದ ವೈರಾಣು ಹೊಕ್ಕು ನಾಶಮಾಡುತ್ತದೆ. ಕ್ಷಯ ಪತ್ತೆಯ ಚರ್ಮ ಪರೀಕ್ಷೆ ದಡಾರದ ಸಮಯದಲ್ಲಿ ಫಲಿತಾಂಶ ತೋರದಿರುವುದನ್ನು ಆಸ್ಟ್ರಿಯಾದ ವೈದ್ಯ ಪಿರ್ಕೆ 1908ರಲ್ಲಿಯೇ ವರದಿ ಮಾಡಿದ್ದರು. ಆದರೆ ಈ ಮರೆವು ಕೆಲವೇ ವಾರಗಳದ್ದೆಂದು ಬಹುಕಾಲ ಭಾವಿಸಲಾಗಿತ್ತು.

2015ರಲ್ಲಿ ಮೈಕೆಲ್ ಮಿನಾ ಮತ್ತು ಸಂಗಡಿಗರು ಬ್ರಿಟನ್, ಅಮೆರಿಕ, ಡೆನ್ಮಾರ್ಕ್‌ಗಳ ಹಳೆಯ ಮರಣ ದಾಖಲೆಗಳನ್ನು ಜಾಲಾಡಿದರು. ದಡಾರ ಹೆಚ್ಚಿದ ನಂತರದ ಎರಡು-ಮೂರು ವರ್ಷಗಳಲ್ಲಿ ಇತರ ಸೋಂಕುಗಳಿಂದಾಗುವ ಮಕ್ಕಳ ಸಾವೂ ಹೆಚ್ಚಿರುವುದು ಕಂಡುಬಂತು. ನೇರ ಪುರಾವೆ ದೊರೆತದ್ದು 2019ರಲ್ಲಿ. ನೆದರ್‌ಲ್ಯಾಂಡ್ಸ್‌ನಲ್ಲಿ ಲಸಿಕೆ ಪಡೆಯದ 77 ಮಕ್ಕಳ ರಕ್ತವನ್ನು ದಡಾರ ಬರುವ ಮುನ್ನ ಹಾಗೂ ಬಂದ ನಂತರ ಪರೀಕ್ಷಿಸಲಾಗಿತ್ತು. ಇತರ ರೋಗಾಣುಗಳ ವಿರುದ್ಧ ಅವರಲ್ಲಿದ್ದ ಪ್ರತಿಕಾಯಗಳ ಪೈಕಿ ಶೇ 11ರಿಂದ 73ರಷ್ಟು ಮಾಯವಾಗಿದ್ದವು! ಅಂಥ ಮಕ್ಕಳು ಆ ರೋಗಾಣುಗಳನ್ನು ಮತ್ತೆ ಎದುರಿಸಿಯೇ ರಕ್ಷಣೆ ಗಳಿಸಬೇಕು. ಲಸಿಕೆ ಪಡೆದ ಮಕ್ಕಳಲ್ಲಿ ಈ ನಷ್ಟ ಕಾಣಲಿಲ್ಲ.

ಲಸಿಕೆಯಲ್ಲಿರುವುದೂ ಜೀವಂತ ವೈರಾಣುವೇ. ಆದರೆ ಅದು ದುರ್ಬಲಗೊಳಿಸಿದ್ದು. ಹೀಗಾಗಿ ಅದು ದಡಾರದ ನೆನಪನ್ನು ಕೊಡುತ್ತದೆ, ಉಳಿದವನ್ನು ಕಸಿಯುವುದಿಲ್ಲ. ಚುಚ್ಚುಮದ್ದಿನ ನಂತರದ ಒಂದೆರಡು ದಿನದ ಜ್ವರಕ್ಕೆ ಹೆದರುವ ಪೋಷಕರು ಈ ವ್ಯತ್ಯಾಸ ಗಮನಿಸುವುದು ಒಳಿತು. ಅಪರೂಪಕ್ಕೆ, ದಡಾರ ವಾಸಿಯಾದ ಹಲವು ವರ್ಷಗಳ ನಂತರ ಮೆದುಳಿಗೆ ಮಾರಕ ಉರಿಯೂತ ತಗಲುವುದೂ ಉಂಟು. ಅದಕ್ಕೆ ಖಚಿತ ಚಿಕಿತ್ಸೆಯಿಲ್ಲ.

ತಾಯಿಯಿಂದ ಬಂದ ಪ್ರತಿಕಾಯಗಳು ಮಗುವಿನಲ್ಲಿ ಇರುವವರೆಗೆ ಲಸಿಕೆ ಸರಿಯಾಗಿ ನಾಟುವುದಿಲ್ಲ. ಆದ್ದರಿಂದ ಮೊದಲ ಡೋಸ್ 9 ತಿಂಗಳು ತುಂಬಿದ ಮೇಲೆ. ಅದರಿಂದಲೂ ಸುಮಾರು ಶೇ 15 ಮಕ್ಕಳಿಗೆ ರಕ್ಷಣೆ ದೊರೆಯದು ಎಂಬ ಕಾರಣಕ್ಕೆ 2010ರಿಂದ ದೇಶದಲ್ಲಿ ಎರಡನೇ ಡೋಸ್ ಸೇರಿಸಲಾಯಿತು. 2017ರಲ್ಲಿ ರುಬೆಲ್ಲಾ ಲಸಿಕೆಯನ್ನೂ ಕೂಡಿಸಿದ ಅಭಿಯಾನ ಮೊದಲು ಆರಂಭವಾದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಎರಡನೇ ಡೋಸ್ ನೀಡುವುದು 16ರಿಂದ 24 ತಿಂಗಳೊಳಗೆ. ತಪ್ಪಿಹೋಗಿದ್ದಲ್ಲಿ 5 ವರ್ಷ ತುಂಬುವವರೆಗೂ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ಹಾಕಿಸಬಹುದಾಗಿದೆ.